ಅಮ್ಮನನ್ನು ಅಡಿಗೆಯವಳೆಂದ ಸಂಜೆ

ನಮ್ಮ ಮನೆಯಲ್ಲಿ ಮೂರು ಮಾತುಗಳಿದ್ದವು. ಅವುಗಳ ನಡುವೆ ಎರಡು ಹೊಸ್ತಿಲುಗಳಿದ್ದವು. ಬೀದಿಯಿಂದ ಜಗುಲಿ ಹತ್ತಿ ಬಂದವರೊಡನೆ ಕನ್ನಡ. ನಡುಮನೆಯ ಹೊಸ್ತಿಲು ದಾಟಿದರೆ ಮನೆಮಾತಾದ ಸಂಕೇತಿ. ದೇವರ ಮನೆಯ ಹೊಸ್ತಿಲು ದಾಟಿದರೆ ಸಂಸ್ಕೃತ. ಇದನ್ನು ಯಾರೂ ವಿಧಿಸಿರಲಿಲ್ಲ. ಯಾರೂ ಮೀರುತ್ತಲೂ ಇರಲಿಲ್ಲ. ಜಗುಲಿಯಲ್ಲಿ ಕುಳಿತವರಿಗೆ ಮದುವೆಯ ಮುಹೂರ್ತ ಹೇಳುತ್ತಿದ್ದ ತಂದೆಯವರು ಪಂಚಾಂಗವನ್ನು ಒಳಗಿಡಲು ಎದ್ದರೆಂದರೆ, ಕನ್ನಡದಲ್ಲಿ ಆರಂಭವಾದ ವಾಕ್ಯವು ಹೊಸ್ತಿಲ ಮೇಲೆ ಕಾಲಿಟ್ಟೊಡನೆ ನಮ್ಮ ಮಾತಿಗೆ ತಿರುಗಿ ಅಡಿಗೆಮನೆಯಲ್ಲಿದ್ದ ಅಮ್ಮನನ್ನು ತಲುಪುತ್ತಿತ್ತು. ಎಷ್ಟೋ ತಲೆಮಾರುಗಳ ಹಿಂದೆ ದಕ್ಷಿಣದಿಂದ ಬಂದು ಕಾವೇರಿಯ ದಡದಲ್ಲಿ ನೆಲೆನಿಂತ ನಮ್ಮ ಹಿರಿಯರು ತಮ್ಮೊಡನೆ ತಂದ ಮಾತು ಅದು. ತಮಿಳಿಗೆ ಹತ್ತಿರದ್ದು, ಆದರೆ ಕನ್ನಡದ ನೀರು ಕುಡಿದು ಬೆಳೆದದ್ದು. ಅದಕ್ಕೆ ತನ್ನದೇ ಆದ ಲಿಪಿಯಿಲ್ಲ. ಆದ್ದರಿಂದ ಈ ಅಧ್ಯಾಯದಲ್ಲಿ ಅಮ್ಮ ನಮ್ಮ ಮಾತಿನಲ್ಲಿ ಆಡಿದ್ದನ್ನೂ ನಾನು ಕನ್ನಡದಲ್ಲಿಯೇ ಬರೆಯಬೇಕಾಗಿದೆ. ಅವಳ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ನನಗೆ ಅಧಿಕಾರವಿಲ್ಲವೆಂಬುದು ಮುಂದೆ ಓದುವವರಿಗೆ ತಿಳಿಯುತ್ತದೆ.

ಅದು ಹಾಸನದಲ್ಲಿ, ದೇವಿಗೆರೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಅರ್ಧ ಮನೆ. ರಾಮನಾಥಪುರದ ಬಳಿಯ ನಮ್ಮ ಊರಿನಲ್ಲಿ ಮಕ್ಕಳಿಗೆ ವೇದಪಾಠ ಹೇಳಿಕೊಂಡಿದ್ದ ತಂದೆಯವರಿಗೆ ಹೈಸ್ಕೂಲಿನ ಸಂಸ್ಕೃತ ಪಂಡಿತರ ಕೆಲಸ ದೊರೆತು ನಾವು ಬಂದಾಗ ನನಗೆ ಹತ್ತು ವರ್ಷ. ತಂದೆ, ತಾಯಿ, ತಂದೆಯ ತಾಯಿಯಾದ ಅಜ್ಜಿ, ನಾನು, ಇಷ್ಟೇ ಜನ. ಉಳಿದರ್ಧ ಮನೆಯಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರ ಸಂಸಾರವಿತ್ತು. ಗುಮಾಸ್ತರ ಹೆಂಡತಿ ಪುಟ್ಟಲಕ್ಷ್ಮಮ್ಮನವರು ಅಮ್ಮನಿಗೆ ಆ ಊರಿನಲ್ಲಿ ದೊರೆತ ಒಬ್ಬರೇ ಗೆಳತಿ. ಅವರ ಮಗ ಶಾಮು ನನ್ನ ಓರಗೆಯವನು. ನಡುವಿನ ಗೋಡೆ ಮಾಡಿನವರೆಗೆ ಏರಿರಲಿಲ್ಲ. ಅವರ ಮನೆಯ ಒಗ್ಗರಣೆ ನಮಗೆ ತಿಳಿಯುತ್ತಿತ್ತು, ನಮ್ಮ ಮನೆಯ ಜಗಳ ಅವರಿಗೆ ಕೇಳುತ್ತಿತ್ತು. ಅಜ್ಜಿಗೂ ಅಮ್ಮನಿಗೂ ದಿನಕ್ಕೊಮ್ಮೆಯಾದರೂ ಮಡಿಯ ವಿಚಾರಕ್ಕೆ ಚಕಮಕಿ ನಡೆಯುತ್ತಿತ್ತು. ನೀರಿನ ಕೊಡಕ್ಕೆ ನನ್ನ ಅಂಗಿಯ ತುದಿ ತಗುಲಿತೆಂದು ಅಜ್ಜಿ, ತಗುಲಲಿಲ್ಲವೆಂದು ಅಮ್ಮ. ತಂದೆಯವರು ಊಟಕ್ಕೆ ಕುಳಿತರೆ ಏಳುವವರೆಗೂ ಮೌನ. ಮಜ್ಜಿಗೆ ಬೇಕಾದರೆ ಬೆರಳು ಮಡಿಸಿ ತೋರಿಸುತ್ತಿದ್ದರು. ಆ ಮೌನದ ಹೊತ್ತನ್ನೇ ಆರಿಸಿಕೊಂಡು ಅತ್ತೆ ಸೊಸೆಯರಿಬ್ಬರೂ ತಮ್ಮ ತಮ್ಮ ವ್ಯಾಜ್ಯವನ್ನು ಅವರ ಮುಂದಿಡುತ್ತಿದ್ದರು. ಅವರು ತೀರ್ಪು ಕೊಡುವಂತಿರಲಿಲ್ಲ. ನಮ್ಮ ಮಾತಿನಲ್ಲಿ ಜಗಳಕ್ಕೆಂದೇ ಇರುವ ಸೊಗಸಾದ ಪದಗಳಿವೆ. ಅಮ್ಮ ಅವುಗಳಲ್ಲಿ ಪ್ರವೀಣೆ. ಒಂದು ಪದವನ್ನು ಎಸೆದು, ಅಜ್ಜಿ ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅನ್ನ ಬಸಿದು ಬರುತ್ತಿದ್ದಳು. ಕೊನೆಗೆ ಇಬ್ಬರೂ ನಗುತ್ತಿದ್ದರು. ನಮ್ಮ ಮಾತಿನಲ್ಲಿ ಅಮ್ಮ ನಗಿಸುವವಳು, ಕಾಡುವವಳು, ಯಾರಿಗೂ ಸೋಲದವಳು. ಕನ್ನಡದಲ್ಲಿ ಅವಳು ಹೊಸದಾಗಿ ಮದುವೆಯಾಗಿ ಬಂದ ಹೆಣ್ಣಿನಂತೆ ತಲೆ ತಗ್ಗಿಸಿ ಎರಡೇ ಪದ ಆಡುತ್ತಿದ್ದಳು.

ನನಗೆ ಉಪನಯನವಾದಂದಿನಿಂದ ತಂದೆಯವರು ಕಲಿಸಿದ ಒಂದು ವಿಧಿಯನ್ನು ಇಲ್ಲಿ ಹೇಳಬೇಕು. ಹಿರಿಯರಿಗೆ ನಮಸ್ಕರಿಸುವಾಗ ಕಿವಿಗಳನ್ನು ಮುಟ್ಟಿಕೊಂಡು, ಬಾಗಿ, ತನ್ನ ಪ್ರವರದ ಋಷಿಗಳು ಯಾರು, ಗೋತ್ರ ಯಾವುದು, ಸೂತ್ರ ಯಾವುದು, ಓದುವ ಶಾಖೆ ಯಾವುದು, ಕೊನೆಗೆ ತನ್ನ ಹೆಸರೇನು ಎಂದು ಹೇಳಿ, ಆ ಬಳಿಕ ಪಾದ ಮುಟ್ಟುವುದು. ಅಭಿವಾದನವೆನ್ನುತ್ತಾರೆ. ಹೆಂಗಸರಿಗೆ ಪ್ರವರ ಹೇಳುವ ವಾಡಿಕೆ ಸಾಮಾನ್ಯವಾಗಿ ಇಲ್ಲ. ತಂದೆಯವರು ಮಾತ್ರ ನನ್ನಿಂದ ಅಮ್ಮನಿಗೂ ಹೇಳಿಸುತ್ತಿದ್ದರು. ಅಜ್ಜಿಗೆ ಅದು ಹಿಡಿಸುತ್ತಿರಲಿಲ್ಲ.

“ಹೆತ್ತವಳ ಮುಂದೆ ನಿಂತು ನಾನು ಇಂಥವನು ಅಂತ ಪರಿಚಯ ಹೇಳಿಕೊಳ್ಳೋದು ಯಾವ ಶಾಸ್ತ್ರವೋ?” ಎಂದು ಕೇಳುತ್ತಿದ್ದಳು.

“ಬೇರೆಯವರ ಮುಂದೆ ಮರೆತರೂ ಅವಳ ಮುಂದೆ ಮರೆಯದಿರಲಿ ಅಂತ,” ಎನ್ನುತ್ತಿದ್ದರು ತಂದೆಯವರು.

ಹೈಸ್ಕೂಲು ಸೇರಿದ ಮೇಲೆ ನನ್ನೊಳಗೆ ಒಂದು ಹುಳುಕು ಸೇರಿತು. ಅದನ್ನು ತಂದು ಹಾಕಿದವನು ಶಾಮು ಎಂದು ಬಹಳ ಕಾಲ ಅಂದುಕೊಂಡಿದ್ದೆ, ಅದು ಸುಳ್ಳು. ಅವನು ತಮಾಷೆ ಮಾಡಿದ್ದು ನಿಜ.

“ನಿಮ್ಮನೆ ಒಳಗೆ ಯಾವಾಗ್ಲೂ ಹುಳಿ ಕುದೀತಿರೋ ಹಾಗಿರುತ್ತೆ ಕಣೋ, ಲೊಳಲೊಳ ಅಂತ,” ಎಂದು ಅವನು ತರಗತಿಯಲ್ಲಿ ಹೇಳಿದ. ಹುಡುಗರು ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಮಾರನೆಯ ದಿನ ಯಾರೂ ಕೇಳದಿದ್ದರೂ ನಾನೇ ಎದ್ದು ನಿಂತು ಅಜ್ಜಿ ಅಮ್ಮನ ಜಗಳವನ್ನು ಅನುಕರಿಸಿ ತೋರಿಸಿದೆ. ಅದು ಬಹಳ ಮೆಚ್ಚುಗೆ ಪಡೆಯಿತು, ವಾರಕ್ಕೊಮ್ಮೆ ಮಾಡುವಂತಾಯಿತು. ಮನೆಯಲ್ಲಿ ಅಮ್ಮ ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡತೊಡಗಿದೆ. ಸ್ನೇಹಿತರು ಜಗುಲಿಗೆ ಬಂದಾಗ ಅವಳು ಬಾಗಿಲ ಬಳಿ ಬಂದರೆ ಕಣ್ಣಿನಿಂದಲೇ ಒಳಗೆ ಕಳಿಸುತ್ತಿದ್ದೆ. ಅವಳು ಅದನ್ನು ಆಟವೆಂದು ತಿಳಿದು ತಾನೂ ಕಣ್ಣಿನಿಂದ ಅಣಕಿಸಿ ಹೋಗುತ್ತಿದ್ದಳು. ಅದೇ ಕಾಲಕ್ಕೆ ನನ್ನ ಇಂಗ್ಲಿಷು ಚುರುಕಾಯಿತು. ವೇದಪಾಠದಿಂದ ತಿದ್ದಿದ ನಾಲಗೆಗೆ ಯಾವ ಉಚ್ಚಾರಣೆಯೂ ಕಷ್ಟವಲ್ಲ. ಭಾಷಣದಲ್ಲಿ ಬಹುಮಾನ ಬಂತು. ಆ ಬಹುಮಾನದಿಂದಲೇ ಮುಂದಿನ ಅನರ್ಥವೂ ಬಂತು.

ನಾನು ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಾಗ, ಊರೂರಿಗೆ ಹೋಗಿ ಪರದೆ ಕಟ್ಟಿ ಚಿತ್ರ ತೋರಿಸುವ ಒಂದು ಸರ್ಕಾರಿ ವ್ಯಾನು ನಮ್ಮ ಶಾಲೆಯ ಮೈದಾನಕ್ಕೆ ಬಂದಿತು. ಚಿತ್ರ ಇಂಗ್ಲಿಷಿನದು. ಊರಿನವರಿಗೆ ಅರ್ಥವಾಗುವಂತೆ ಒಬ್ಬರು ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕೆಂದು ತೀರ್ಮಾನವಾಯಿತು. ಇಂಗ್ಲಿಷ್ ಮೇಷ್ಟರು ನನ್ನನ್ನು ಆರಿಸಿದರು. ವ್ಯಾನಿನವರು ಕೊಟ್ಟ ಕಥೆಯ ಕಾಗದವನ್ನು ಓದಿಸಿ ಮೂರು ದಿನ ತಯಾರು ಮಾಡಿದರು. ಆ ಚಿತ್ರದ ಹೆಸರು ಈಗ ನೆನಪಿಲ್ಲ, ಕಥೆಯ ಒಂದೊಂದು ಹೆಜ್ಜೆಯೂ ನೆನಪಿದೆ. ಸಮುದ್ರದ ನಡುವಿನ ಒಂದು ದ್ವೀಪ. ಅಲ್ಲಿ ಮೀನು ಹಿಡಿದು ಬದುಕುವ ಕಪ್ಪು ಜನ. ಬಿಳಿಯರ ಹಡಗು ಬರುತ್ತದೆ. ಹಡಗಿನ ಕಪ್ತಾನನು ಚೂಟಿಯಾದ ಒಬ್ಬ ಹುಡುಗನನ್ನು ಮೆಚ್ಚಿ ಕರೆದೊಯ್ಯುತ್ತಾನೆ; ಕೂದಲು ಕತ್ತರಿಸಿ, ಕೋಟು ತೊಡಿಸಿ, ಹೊಸ ಹೆಸರಿಟ್ಟು, ತನ್ನ ಭಾಷೆ ಕಲಿಸುತ್ತಾನೆ. ಹುಡುಗ ಬೆಳೆದು ದುಭಾಷಿಯಾಗುತ್ತಾನೆ. ವರ್ಷಗಳಾದ ಮೇಲೆ ಹಡಗು ಅದೇ ದ್ವೀಪಕ್ಕೆ ಮರಳುತ್ತದೆ. ದಡದಲ್ಲಿ ಕಾದಿದ್ದ ಮುದುಕಿಯೊಬ್ಬಳು ಅವನನ್ನು ಹಳೆಯ ಹೆಸರಿನಿಂದ ಕೂಗುತ್ತಾಳೆ. ಅವಳು ಯಾರೆಂದು ಕಪ್ತಾನ ಕೇಳುತ್ತಾನೆ. “ಮೀನು ಮಾರುವವಳು,” ಎನ್ನುತ್ತಾನೆ ಮಗ. ಮೇಷ್ಟರು ಈ ಭಾಗವನ್ನು ಓದಿಸಿ, “ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳು, ಜನಕ್ಕೆ ನಾಟಬೇಕು,” ಎಂದಿದ್ದರು. ಹಾಗೆಯೇ ಆಗಲೆಂದು ನಾನು ಬಚ್ಚಲಮನೆಯಲ್ಲಿ ನಿಂತು ಆ ವಾಕ್ಯವನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡಿಕೊಂಡಿದ್ದೆ.

ಅಮ್ಮ ಅದುವರೆಗೆ ಸಿನಿಮಾ ನೋಡಿರಲಿಲ್ಲ. ಅಂದು ಬರುವುದಾಗಿಯೂ ನನಗೆ ಹೇಳಿರಲಿಲ್ಲ. ಪುಟ್ಟಲಕ್ಷ್ಮಮ್ಮನವರು ಹೊರಡಿಸಿದ್ದರು. “ನಿಮ್ಮ ಮಗ ಮೈಕಿನಲ್ಲಿ ಮಾತಾಡ್ತಾನಂತೆ ಕಣ್ರೀ, ಇಡೀ ಹಾಸನ ಕೇಳುತ್ತೆ, ಹೆತ್ತವಳು ಒಲೆ ಮುಂದೆ ಕೂತಿರ್ತೀರಾ?” ಎಂದರಂತೆ. ತಂದೆಯವರು ಸಂಧ್ಯಾವಂದನೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಹೋಗಿ ಬಾ ಎಂದು ಕಳಿಸಿದ್ದರು. ಅಮ್ಮ ಅಡಿಗೆ ಮುಗಿಸಿದವಳೇ ಕಚ್ಚೆ ಸೀರೆಯಲ್ಲೇ, ಅರಿಸಿನದ ಕೈಯಲ್ಲೇ ಬಂದಿದ್ದಳು. ಮೈದಾನದಲ್ಲಿ ಹೆಂಗಸರಿಗೆ ಒಂದು ಕಡೆ ಜಮಖಾನೆ, ಗಂಡಸರು ಇನ್ನೊಂದು ಕಡೆ ನೆಲದ ಮೇಲೆ. ಮುಂದೆ ಎರಡು ಕುರ್ಚಿ. ಒಂದರಲ್ಲಿ ಇಂಗ್ಲಿಷ್ ಮೇಷ್ಟರು, ಇನ್ನೊಂದರಲ್ಲಿ ಮೈಸೂರಿನಿಂದ ಶಾಲಾ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು. ಗಂಡಸರ ನಡುವೆ ಬೋರೇಗೌಡ ಕುಳಿತಿದ್ದುದನ್ನು ನಾನು ಕಂಡೆ. ಶಾಂತಿಗ್ರಾಮದ ಕಡೆಯವನು, ವಾರಕ್ಕೊಮ್ಮೆ ನಮ್ಮ ಓಣಿಗೆ ಬೆಣ್ಣೆ ತರುತ್ತಿದ್ದ. ಅವನೊಡನೆ ಚೌಕಾಸಿ ಮಾಡಿ ಮಾಡಿಯೇ ಅಮ್ಮ ತನ್ನ ಕನ್ನಡದ ಅರ್ಧವನ್ನು ಕಲಿತದ್ದು.

ಮೊದಲ ಅರ್ಧ ಬಹಳ ಚೆನ್ನಾಗಿ ನಡೆಯಿತು. ನನ್ನ ದನಿ ಮೈದಾನದ ಆಚೆಯ ಮರಗಳಿಗೆ ಬಡಿದು ನನಗೇ ಹಿಂತಿರುಗಿ ಬರುತ್ತಿತ್ತು. ಪರದೆಯ ಮೇಲಿನ ಕಪ್ತಾನನ ಮಾತನ್ನು ಹೇಳುವಾಗ ನನ್ನ ಎದೆ ಮುಂದೆ ಬರುತ್ತಿತ್ತು. ದ್ವೀಪದವರ ಮಾತಿಗೆ ಬಂದಾಗ ಸ್ವಲ್ಪ ಮೂಗಿನಿಂದ, ಹುಡುಗರು ನಗುವಂತೆ ಹೇಳುತ್ತಿದ್ದೆ. ಹುಡುಗನು ಹಡಗು ಹತ್ತಿದ, ಹಡಗು ತಿರುಗಿತು, ರೀಲು ಮುಗಿಯಿತು. ದೀಪ ಹಾಕಿದರು. ಇನ್ನೊಂದು ರೀಲು ಏರಿಸುವವರೆಗೆ ಬಿಡುವು. ಆಗ ಹೆಂಗಸರ ಕಡೆಯಿಂದ ಅಮ್ಮ ಎದ್ದು ನಿಂತಳು. ತಾನು ಅಷ್ಟು ಜನರ ನಡುವೆ ಇದ್ದೇನೆಂಬುದನ್ನು ಅವಳು ಮರೆತಿದ್ದಳು. ಮೈಕನ್ನು ಹಿಡಿದವನಿಗೆ ಪರದೆಯೊಳಗಿನವರನ್ನು ಕೇಳಿ ತಿಳಿಯುವ ಶಕ್ತಿಯೂ ಇದೆಯೆಂದುಕೊಂಡಿದ್ದಳೋ ಏನೋ. ಮನೆಯಲ್ಲಿ ನನ್ನನ್ನು ಕರೆಯುವ ಹೆಸರನ್ನು ಕೂಗಿ, ನಮ್ಮ ಮಾತಿನಲ್ಲಿ, ನಡುಮನೆಯಲ್ಲಿ ಕೇಳುವಂತೆ ಕೇಳಿದಳು:

“ಚೀನೂ, ಆ ಹುಡುಗನನ್ನು ಕರೆದುಕೊಂಡು ಹೋದರಲ್ಲ, ಅವನ ತಾಯಿಗೆ ಯಾರಾದರೂ ಹೇಳಿದರೇನೋ? ಅವಳಿಗೆ ಗೊತ್ತೇನೋ?”

ನನ್ನ ತರಗತಿಯವರು ಕುಳಿತಿದ್ದ ಮೂಲೆಯಿಂದ ಯಾರೋ “ಲೊಳಲೊಳ” ಎಂದರು. ನಗೆ ಎದ್ದಿತು. ವಾರವಾರವೂ ನಾನೇ ಕಲಿಸಿಕೊಟ್ಟ ನಗೆ ಅದು. ಇನ್‌ಸ್ಪೆಕ್ಟರು ಹಿಂತಿರುಗಿ ನೋಡಿ, ಆ ಬಳಿಕ ನನ್ನತ್ತ ತಿರುಗಿ, ಕುತೂಹಲದಿಂದಲೇ ಕೇಳಿದರು. ಅವರ ಮುಖದಲ್ಲಿ ತಿರಸ್ಕಾರದ ಸುಳಿವೂ ಇರಲಿಲ್ಲ. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ. ಹೆದರಿಸಿದ್ದರಿಂದ ಹೇಳಿದೆನೆಂಬ ನೆಪವನ್ನು ನಾನು ಇಟ್ಟುಕೊಳ್ಳಬಾರದು.

“ಯಾರಪ್ಪ ಆಕೆ? ಏನು ಕೇಳ್ತಿದ್ದಾರೆ?”

“ನಮ್ಮನೆ ಅಡಿಗೆಯವಳು ಸಾರ್,” ಎಂದೆ. “ಹಳ್ಳಿ ಕಡೆಯವಳು. ಅವಳ ಮಾತು ನನಗೂ ಸರಿಯಾಗಿ ತಿಳಿಯಲ್ಲ.”

ಮೈಕು ನನ್ನ ಬಾಯಿಯ ಮುಂದೆಯೇ ಇತ್ತು. ಆ ಮಾತು ಮರಗಳಿಗೆ ಬಡಿದು ಹಿಂತಿರುಗಿ ಬಂದಾಗಲೇ ಅದು ಎಲ್ಲರಿಗೂ ಕೇಳಿಸಿತೆಂದು ನನಗೆ ತಿಳಿದದ್ದು. ಅಮ್ಮ ನಿಂತೇ ಇದ್ದಳು. ಬೇಗ ಅರ್ಥವಾಗಲಿಲ್ಲವೇನೋ, ಮುಖದಲ್ಲಿ ಇನ್ನೂ ಆ ದ್ವೀಪದ ತಾಯಿಯ ಚಿಂತೆಯೇ ಇತ್ತು. ಆ ಬಳಿಕ ಪುಟ್ಟಲಕ್ಷ್ಮಮ್ಮನವರು ಅವಳ ಸೆರಗನ್ನು ಹಿಡಿದು ಕೂರಿಸಿದರು. ದೀಪ ಆರಿತು.

ಉಳಿದ ಅರ್ಧವನ್ನು ನಾನು ಹೇಗೆ ಹೇಳಿದೆನೋ ತಿಳಿಯದು. ಕಥೆಯ ಕಾಗದ ನನಗೆ ಬಾಯಿಪಾಠವಾಗಿತ್ತು. ಮುಂದೆ ಬರುವುದು ಏನೆಂದು ಆ ಮೈದಾನದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಹಡಗು ದಡದ ಹತ್ತಿರ ಬಂತು. ಮುದುಕಿ ಓಡಿ ಬಂದಳು, ಕೂಗಿದಳು. ಕಪ್ತಾನ ಕೇಳಿದ. ಕೋಟು ತೊಟ್ಟ ಮಗ ಬಾಯಿ ತೆರೆದ. ನಾಲ್ಕು ಬಗೆಯಲ್ಲಿ ಅಭ್ಯಾಸ ಮಾಡಿದ್ದ ಆ ವಾಕ್ಯ ನನ್ನ ನಾಲಗೆಯ ಮೇಲೆ ಬರಲಿಲ್ಲ. ಬದಲಿಗೆ, ಅಷ್ಟು ಜನರೂ ಕೇಳುವಂತೆ, ಎಲ್ಲರಿಗಿಂತ ಹೆಚ್ಚಾಗಿ ಹೆಂಗಸರ ಕಡೆ ಕತ್ತಲಲ್ಲಿ ಕುಳಿತವಳೊಬ್ಬಳು ಕೇಳಲೆಂದು, ಹೀಗೆ ಹೇಳಿದೆ:

“ಅವನು ಹೇಳ್ತಾನೆ, ಇವಳು ನನ್ನ ತಾಯಿ.”

ಪರದೆಯ ಮೇಲೆ ಕಪ್ತಾನ ನಕ್ಕು, ಮುದುಕಿಯ ಕಡೆಗೆ ಒಂದು ನಾಣ್ಯ ಎಸೆದು ಮುಂದೆ ನಡೆದ. ಮಗನೂ ಅವನ ಹಿಂದೆ ನಡೆದ. ಮುದುಕಿ ಮರಳಿನಲ್ಲಿ ಕುಸಿದು ಕುಳಿತಳು. ಜನಕ್ಕೆ ಇದು ಅರ್ಥವಾಗಲಿಲ್ಲ. ಗಂಡಸರ ನಡುವಿನಿಂದ ಬೋರೇಗೌಡನ ದನಿ ಬಂತು.

“ಅಲ್ಲ ಸೋಮಿ, ತಾಯಿ ಅಂದ್ಮ್ಯಾಲೆ ಯಾಕಂಗೆ ಬುಟ್ಟು ಓಯ್ತಾವ್ನೆ? ಆವಮ್ಮ ಯಾಕಂಗೆ ಅಳ್ತಾವ್ಳೆ?”

ಇಂಗ್ಲಿಷ್ ಮೇಷ್ಟರು ಎದ್ದು ಬಂದು ನನ್ನ ಕೈಯಿಂದ ಮೈಕನ್ನು ತೆಗೆದುಕೊಂಡರು.

“ಹುಡುಗ ತಪ್ಪು ಹೇಳಿದ. ತಾಯಿ ಅಂತ ಅವನು ಹೇಳಲಿಲ್ಲ. ಮೀನು ಮಾರೋಳು ಅಂದ.”

ಮೈದಾನಕ್ಕೆ ಈಗ ಎಲ್ಲವೂ ಅರ್ಥವಾಯಿತು. ಹೆಂಗಸರು “ಅಯ್ಯೋ” ಎಂದರು. ಗಂಡಸರು ಪರದೆಯನ್ನು ಬಯ್ದರು.

“ಥೂ, ಅವ್ನ ಬಾಯ್ಗೆ ಮಣ್ಣಾಕ! ಎತ್ತವ್ವನ್ನ ಇಂಗಂತಾನಲ್ಲೋ! ಆ ಕೋಟಿಗೆ ಬೆಂಕಿ ಬೀಳ!” ಎಂದು ಬೋರೇಗೌಡ ಕೂಗಿದ. ಅವನು ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಅಮ್ಮನ ಕೈಯಿಂದ ಎಷ್ಟೋ ಸಲ ಮಜ್ಜಿಗೆ ಕುಡಿದವನು. ಅವಳು ಯಾರೆಂದು ಅವನಿಗೆ ಗೊತ್ತಿತ್ತು. ಪರದೆಯನ್ನು ಬಯ್ಯುವುದನ್ನು ನಿಲ್ಲಿಸಿ, ತಲೆಯನ್ನು ನನ್ನ ಕಡೆ ತಿರುಗಿಸಿ ಅವನು ನೋಡಿದ ನೋಟ, ಪರದೆಯ ಬೆಳಕಿನಲ್ಲಿ ನನಗೆ ಕಂಡಿತು.

ಚಿತ್ರ ಮುಗಿದ ಮೇಲೆ ಹೆಂಗಸರೆಲ್ಲ ಹೊರಟುಹೋಗುವವರೆಗೆ ನಾನು ವ್ಯಾನಿನ ಹಿಂದೆ ನಿಂತಿದ್ದೆ. ಶಾಮು ಬಂದು ನನ್ನ ಪಕ್ಕದಲ್ಲಿ ನಡೆದ. ಯಾರು ಮೆಚ್ಚಲೆಂದು ಇಷ್ಟೆಲ್ಲ ಮಾಡಿದ್ದೆನೋ ಅವನೇ ನಗಲಿಲ್ಲ.

“ಅದು ನಿಮ್ಮಮ್ಮ ಅಲ್ವೇನೋ?” ಎಂದ. ನಾನು ನೆಲ ನೋಡುತ್ತ ನಡೆದೆ.

“ನಮ್ಮಮ್ಮ ಬೈದಳು ಕಣೋ ನಿನ್ನನ್ನ. ಏನ್ರೀ ನಿಮ್ಮ ಮಗ ಹೀಗಂದ ಅಂತ ಕೇಳಿದ್ರೆ, ನಿಮ್ಮಮ್ಮ ಏನಂದ್ರು ಗೊತ್ತಾ? ‘ಸುಳ್ಳೇನಿದೆ, ಮೂರು ಹೊತ್ತೂ ಅಡಿಗೆ ಮಾಡೋಳೇ ಅಲ್ವಾ ನಾನು’ ಅಂದ್ರು.” ಸ್ವಲ್ಪ ದೂರ ನಡೆದು, “ತಮಾಷೆಗೂ ಒಂದು ಮಿತಿ ಇರುತ್ತೆ ಕಣೋ,” ಎಂದು ಮುಂದೆ ಹೋದ.

ನಾನು ಮನೆ ತಲುಪಿದಾಗ ಅಮ್ಮ ಆಗಲೇ ಬಂದು ಎಲೆ ಹಾಕುತ್ತಿದ್ದಳು. ತಂದೆಯವರು ಜಪ ಮುಗಿಸಿ ನಡುಮನೆಗೆ ಬಂದಿದ್ದರು. ಮೈಕಿನ ದನಿ ಓಣಿಯವರೆಗೆ ಬರುತ್ತಿತ್ತಂತೆ, ಆದರೆ ಮಾತು ತಿಳಿಯುತ್ತಿರಲಿಲ್ಲವಂತೆ. ಅವರ ಮುಖದಲ್ಲಿ ಸಂತೋಷವಿತ್ತು.

“ಮೊದಲ ಸಲ ಇಡೀ ಊರಿನ ಮುಂದೆ ಮಾತಾಡಿ ಬಂದಿದ್ದೀಯೆ. ಅಜ್ಜಿಗೂ ಅಮ್ಮನಿಗೂ ನಮಸ್ಕಾರ ಮಾಡು,” ಎಂದರು.

ಅಜ್ಜಿಗೆ ಮಾಡಿದೆ. ಅಮ್ಮ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎಂದಿನಂತೆ ನಿಂತಳು. ನಾನು ಕಿವಿ ಮುಟ್ಟಿಕೊಂಡು ಬಾಗಿದೆ. ಋಷಿಗಳ ಹೆಸರು ಬಂದವು. ಗೋತ್ರ ಬಂತು, ಸೂತ್ರ ಬಂತು, ಶಾಖೆ ಬಂತು. ನನ್ನ ಹೆಸರು ಬರಲಿಲ್ಲ. ತಂದೆಯವರು, ಮರೆತೆನೆಂದು ತಿಳಿದು, ಮೆಲ್ಲಗೆ ಎತ್ತಿಕೊಟ್ಟರು. ಅಮ್ಮ ಆತುರಪಡಲಿಲ್ಲ. ನಾನು ಹೇಳಿ ಮುಗಿಸುವವರೆಗೆ ಕಾದಳು. ಆ ಬಳಿಕ ಕನ್ನಡದಲ್ಲಿ ಹೇಳಿದಳು:

“ಯಾರ ಮಗ ಅಂತ ಗೊತ್ತಾಯ್ತು. ಏಳಪ್ಪ. ಕೈಕಾಲು ತೊಳ್ಕೊಂಡು ಉಣ್ಣಾಕೆ ಬಾ.”

ಅಜ್ಜಿ ನಕ್ಕಳು. “ಇದೇನೇ ಇದು, ಬೆಣ್ಣೆ ಗೌಡನ ಮಾತು ನಡುಮನೆಯೊಳಗೆ?” ಎಂದಳು.

“ಹೈಸ್ಕೂಲು ಹುಡುಗ,” ಎಂದಳು ಅಮ್ಮ, ನಮ್ಮ ಮಾತಿನಲ್ಲಿ, ಅಜ್ಜಿಗೆ. “ನಾವೂ ಆಡಿದರೆ ಅವನಿಗೆ ಅಭ್ಯಾಸವಾಗುತ್ತೆ.”

ತಂದೆಯವರಿಗೆ ಅವಳು ಎಂದೂ ಹೇಳಲಿಲ್ಲ. ಪುಟ್ಟಲಕ್ಷ್ಮಮ್ಮನವರಿಂದಲೂ ಹೇಳದಂತೆ ಮಾತು ತೆಗೆದುಕೊಂಡಿದ್ದಳೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಹೀಗೆ ನನ್ನ ಅಪರಾಧಕ್ಕೆ ಅವಳೇ ಮರೆಯಾಗಿ ನಿಂತಳು. ಆದರೆ ಆ ರಾತ್ರಿಯಿಂದ ನನ್ನೊಬ್ಬನೊಡನೆ ಮಾತ್ರ ಅವಳು ಕನ್ನಡವಾಡತೊಡಗಿದಳು. ಅವಳ ಬಳಿ ಇದ್ದ ಕನ್ನಡವೇ ಸ್ವಲ್ಪ. ಅದರಲ್ಲಿ ಅರ್ಧ ಬೋರೇಗೌಡನದು, ಅರ್ಧ ಪುಟ್ಟಲಕ್ಷ್ಮಮ್ಮನವರದು. “ನೀರು ಕಾದೈತೆ, ಮೀಯೋಕೆ ಹೋಗಪ್ಪ” ಎನ್ನುವಳು. “ಸಂಜಿಕೆ ಬೇಗ ಬತ್ತೀಯಾ?” ಎನ್ನುವಳು. ನಗಿಸುವ ಅಮ್ಮ, ಅಣಕಿಸುವ ಅಮ್ಮ, ಅಜ್ಜಿಯನ್ನು ಒಂದೇ ಪದದಲ್ಲಿ ಸೋಲಿಸುವ ಅಮ್ಮ, ನನ್ನ ಕಡೆ ತಿರುಗಿದೊಡನೆ ಎರಡು ಪದಗಳ ಹೆಂಗಸಾಗುತ್ತಿದ್ದಳು. ಜ್ವರ ಬಂದು ಮಲಗಿದಾಗ ಹಣೆ ಮುಟ್ಟಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಕನ್ನಡದ ಪದ ಸಿಗದೆ, ಸುಮ್ಮನೆ ಎದ್ದು ಹೋದಳು. ಆ ಪದ ಯಾವುದೆಂದು ನನಗೆ ಗೊತ್ತು. ಚಿಕ್ಕಂದಿನಿಂದ ಪ್ರತಿ ಜ್ವರದಲ್ಲಿಯೂ ಕೇಳಿದ್ದೆ. ಆದರೆ ಕೇಳಿಸಿಕೊಳ್ಳುವ ಹಕ್ಕನ್ನು ಕಳೆದುಕೊಂಡಿದ್ದೆ.

ಚಿತ್ರ ತೋರಿಸಿದ ವಾರವೇ ಬೋರೇಗೌಡ ಬೆಣ್ಣೆ ತಂದಾಗ ಜಗುಲಿಯಲ್ಲಿ ನಾನೊಬ್ಬನೇ ಇದ್ದೆ. ಅವನು ಮಡಕೆಯನ್ನು ಇಳಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬಹಳ ವಿನಯದಿಂದ ಕೇಳಿದ:

“ಅಡಿಗೆಯವ್ರು ಮನೇಲವ್ರಾ ಸೋಮಿ? ಬೆಣ್ಣೆ ತಂದಿವ್ನಿ ಅಂತ ಯೋಳಿ.”

ಒಳಗಿನಿಂದ ಅಮ್ಮ ಅದನ್ನು ಕೇಳಿಸಿಕೊಂಡು ಬಾಗಿಲಿಗೆ ಬಂದಳು. “ಏನ್ ಗೌಡ, ನಮ್ಮ ಹುಡುಗನ್ನ ಕಾಡ್ತೀಯಾ? ಹ್ವಾದ ವಾರದ ಬೆಣ್ಣೇಲಿ ಮಜ್ಜಿಗೆ ನೀರೇ ಐತೆ, ಅದು ಯೋಳು ಮೊದ್ಲು,” ಎಂದಳು. ಅವನು ನಾಲಗೆ ಕಚ್ಚಿಕೊಂಡ. ನನ್ನ ಪರವಾಗಿ ಅವಳು ಜಗಳವಾಡಿದ್ದೂ ಕನ್ನಡದಲ್ಲಿಯೇ.

ಶಾಸ್ತ್ರಗಳಲ್ಲಿ ಸುಳ್ಳಿಗೆ ಪ್ರಾಯಶ್ಚಿತ್ತಗಳಿವೆ. ನಾನು ಬಲ್ಲಷ್ಟನ್ನು ಮಾಡಿದೆ. ಬೆಳಗಿನ ಜಪವನ್ನು ಎರಡು ಪಟ್ಟು ಮಾಡಿದೆ. ಏಕಾದಶಿಯಂದು ನೀರನ್ನೂ ಕುಡಿಯದೆ ಇದ್ದೆ. ತಂದೆಯವರು ಮಗನ ಶ್ರದ್ಧೆ ಕಂಡು ಹಿಗ್ಗಿದರು; ಅದು ಮತ್ತೊಂದು ಸುಳ್ಳಾಯಿತು. ದೇವರ ಮುಂದೆ ಒಪ್ಪಿಕೊಳ್ಳುವುದು ಸುಲಭವೆಂದು ನನಗೆ ಆಗ ತಿಳಿಯಿತು. ಅಲ್ಲಿಂದ ಹತ್ತು ಹೆಜ್ಜೆ ನಡೆದು ಅಡಿಗೆಮನೆಗೆ ಹೋಗಿ ಒಪ್ಪಿಕೊಳ್ಳುವುದನ್ನು ತಪ್ಪಿಸಿಕೊಳ್ಳಲೆಂದೇ ನಾನು ಅಷ್ಟು ಜಪ ಮಾಡುತ್ತಿದ್ದೆ. ಇಂದಿಗೂ ಜಪಮಣಿ ಹಿಡಿದಾಗ ಕೆಲವೊಮ್ಮೆ ಈ ಅನುಮಾನ ನನ್ನನ್ನು ಬಿಡುವುದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಹೋದೆ. ತಂದೆಯವರು ಶಾಲೆಯ ಕೆಲಸದ ಮೇಲೆ ಹೊಳೆನರಸೀಪುರಕ್ಕೆ ಹೋಗಿದ್ದರು, ಅಜ್ಜಿ ಮಲಗಿದ್ದಳು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಏನು ಹೇಳಬೇಕೆಂದು ಎಷ್ಟೋ ದಿನಗಳಿಂದ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಕನ್ನಡದವು, ಗ್ರಂಥಗಳಲ್ಲಿರುವಂಥವು. ಅವು ಯಾವುವೂ ಬಾಯಿಗೆ ಬರಲಿಲ್ಲ. ನಮ್ಮ ಮಾತಿನಲ್ಲಿ ಇಷ್ಟು ಮಾತ್ರ ಹೇಳಿದೆ:

“ಅಮ್ಮಾ, ನನ್ನ ಹತ್ತಿರ ನಮ್ಮ ಮಾತಾಡು.”

ಅವಳು ತಲೆಯೆತ್ತಿದಳು. ಮೊರವನ್ನು ಪಕ್ಕಕ್ಕಿಟ್ಟು, ಮಡಿಲಿನಿಂದ ಅಕ್ಕಿಯ ಹೊಟ್ಟು ಕೊಡವಿ ಎದ್ದಳು. ನ‌ನ್ನ ಬಳಿ ಬರುತ್ತಾಳೆಂದುಕೊಂಡೆ. ನನ್ನನ್ನು ದಾಟಿ ಜಗುಲಿಗೆ ಹೋದಳು. ಓಣಿಯ ಎರಡೂ ಕಡೆ ನೋಡಿದಳು. ಎದುರು ಮನೆಯ ಮೆಟ್ಟಿಲ ಮೇಲೆ ಶಾಮು ಇನ್ನಿಬ್ಬರೊಡನೆ ಬುಗುರಿಗೆ ದಾರ ಸುತ್ತುತ್ತಿದ್ದ. ಅಮ್ಮ ಬೀದಿಬಾಗಿಲನ್ನು ಸದ್ದಾಗದಂತೆ ಮುಚ್ಚಿ ಅಗಳಿ ಹಾಕಿದಳು. ಹಿಂತಿರುಗಿ ಬಂದು, ಮೊರವನ್ನು ಮತ್ತೆ ಎಳೆದುಕೊಂಡು ಕುಳಿತು, ನಮ್ಮ ಮಾತಿನಲ್ಲಿ, ಗೋಡೆಯಾಚೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

“ಈಗ ಹೇಳು ಮಗು. ಏನಾಗಬೇಕಿತ್ತು?”

“ಬಾಗಿಲು ಯಾಕೆ ಹಾಕಿದೆ?”

“ಹೊರಗೆ ನಿನ್ನ ಸ್ನೇಹಿತರಿದ್ದಾರೆ,” ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಅವಳ ಕಾಲಿಗೆ ಬೀಳಬಹುದಾಗಿತ್ತು. ಚುಚ್ಚುವ ಉದ್ದೇಶವೂ ಇರಲಿಲ್ಲ. ಮಗನಿಗೆ ನೆಗಡಿಯಾಗದಿರಲೆಂದು ಕಿಟಕಿ ಮುಚ್ಚುವಷ್ಟೇ ಸಹಜವಾಗಿ ಮುಚ್ಚಿ ಬಂದಿದ್ದಳು. ಆ ಬಾಗಿಲನ್ನು ಹೋಗಿ ತೆರೆಯುವ ಧೈರ್ಯ ನನಗೆ ಬರಲಿಲ್ಲ. ಅವಳ ಎದುರಿಗೆ ಕುಳಿತು, ಅವಳೊಡನೆ ಪಿಸುಮಾತಿನಲ್ಲಿ, ಅಕ್ಕಿಯ ಕಲ್ಲು ಆರಿಸಿದೆ.

ಅಮ್ಮ ಆಮೇಲೆ ಬಹಳ ಕಾಲ ಬದುಕಿದಳು. ನಾನು ಉಪಾಧ್ಯಾಯನಾಗಿ ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಮನೆ ಮಾಡಿದಾಗಲೆಲ್ಲ ನನ್ನೊಡನೆ ಇದ್ದಳು. ನನ್ನ ಹೆಂಡತಿಯೊಡನೆ, ಮಕ್ಕಳೊಡನೆ ಇಡೀ ಬೀದಿಗೆ ಕೇಳುವಂತೆ ನಮ್ಮ ಮಾತಿನಲ್ಲಿ ನಕ್ಕಳು, ಬೈದಳು, ಕಥೆ ಹೇಳಿದಳು. ನನಗೆ ಏನಾದರೂ ಹೇಳಬೇಕಾದಾಗ ಮಾತ್ರ, ಮೊದಲು ಎದ್ದು ಹೋಗಿ ಬಾಗಿಲು ಮುಚ್ಚಿ ಬರುತ್ತಿದ್ದಳು.